ಹಳೆಯ ಸರಣಿ ಕೊಲೆಗಳು ಮತ್ತು ಡಿಎನ್‌ಎ ಸಾಕ್ಷ್ಯ

ಕೊಲೆಗಳು ನಡೆದು ದಶಕಗಳಾಗಿ, ಕಡತ ಮುಚ್ಚಿ, ಶಂಕಿತರಲ್ಲಿ ಬಹುಪಾಲು ಮಂದಿ ಮಣ್ಣು ಸೇರಿದ ಮೇಲೂ, ಉಳಿದುಬಂದ ರಕ್ತ, ವೀರ್ಯ, ಎಂಜಲು ಅಥವಾ ಚರ್ಮದ ಕಣದಿಂದ ಕೊಲೆಗಾರ ಯಾರೆಂದು ಪತ್ತೆಹಚ್ಚುವ ವಿಧಿವಿಜ್ಞಾನದ ಒಂದು ಶಾಖೆ. 1980ರ ದಶಕದಲ್ಲಿ ಡಿಎನ್‌ಎ ಪರೀಕ್ಷೆ ಬಂದ ಮೇಲೆ ಹುಟ್ಟಿಕೊಂಡ ಇದು ಇಂದು ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಪೊಲೀಸರ ದಿನನಿತ್ಯದ ಕೆಲಸದ ಭಾಗವಾಗಿದೆ.

ಫಲಿತಾಂಶಗಳು ಮಾತ್ರ ಎಲ್ಲ ಕಡೆ ಒಂದೇ ತೆರನಾಗಿಲ್ಲ. ವೇಲ್ಸ್‌ನಲ್ಲಿ ಮೂವರು ಹುಡುಗಿಯರನ್ನು ಕೊಂದವನು 29 ವರ್ಷಗಳ ನಂತರ ತನ್ನ ಗೋರಿಯಲ್ಲೇ ಸಿಕ್ಕಿಬಿದ್ದ. 1888ರಲ್ಲಿ ಲಂಡನ್ನನ್ನು ನಡುಗಿಸಿದ 'ಜ್ಯಾಕ್ ದ ರಿಪ್ಪರ್' ಸಿಕ್ಕಿದನೆಂದು ಮತ್ತೆ ಮತ್ತೆ ಸುದ್ದಿಯಾಗಿದೆ, ಆದರೆ ಅವನು ಇನ್ನೂ ಸಿಕ್ಕಿಲ್ಲ. ಎರಡೂ ಕಡೆ ಪ್ರಯೋಗಾಲಯದವರು ಓದಿದ್ದು ಡಿಎನ್‌ಎಯನ್ನೇ. ಒಂದು ಗೆದ್ದು ಇನ್ನೊಂದು ಸೋಲಲು ಮುಖ್ಯ ಕಾರಣ ಪರೀಕ್ಷೆಗೆ ಬಂದ ವಸ್ತುವಿನ ಜಾತಕ. ಅದನ್ನು ಯಾರು ಎತ್ತಿದರು, ಮಹಜರಿನಲ್ಲಿ ಬರೆದರೋ ಇಲ್ಲವೋ, ಮೊಹರು ಮಾಡಿ ಎಲ್ಲಿಟ್ಟರು, ನಡುವೆ ಎಷ್ಟು ಕೈ ಬದಲಾಯಿತು ಎನ್ನುವುದೆಲ್ಲ ಆ ಜಾತಕದಲ್ಲಿ ಸೇರುತ್ತದೆ. ಪತ್ರಿಕೆಗಳು ಯಂತ್ರದ ಬಗ್ಗೆ ಬರೆಯುತ್ತವೆ. ಈ ವಿಷಯ ಅರ್ಥವಾಗಬೇಕಾದರೆ ಮೊದಲು ನೋಡಬೇಕಾದದ್ದು ಮಹಜರನ್ನು.

ಪರೀಕ್ಷೆಯ ಬಗೆಗಳು

ಲೆಸ್ಟರ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಅಲೆಕ್ ಜೆಫ್ರೀಸ್ 1984ರ ಸೆಪ್ಟೆಂಬರ್ 10ರ ಬೆಳಗ್ಗೆ ಒಂದು ಎಕ್ಸ್‌-ರೇ ಫಿಲ್ಮ್ ತೊಳೆದು ನೋಡಿದಾಗ, ಒಬ್ಬೊಬ್ಬರ ಡಿಎನ್‌ಎಗೂ ಬೇರೆಬೇರೆ ಪಟ್ಟೆಗಳ ವಿನ್ಯಾಸ ಇರುವುದು ಕಂಡಿತು. ಮೂರು ವರ್ಷದೊಳಗೆ ಇದು ಕೊಲೆ ತನಿಖೆಗೆ ಬಂತು. ಲೆಸ್ಟರ್‌ಶೈರ್‌ನಲ್ಲಿ 1983 ಮತ್ತು 1986ರಲ್ಲಿ ಹದಿನೈದು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. ಎರಡನೆಯ ಕೊಲೆಯನ್ನು ತಾನೇ ಮಾಡಿದ್ದಾಗಿ ಹದಿನೇಳರ ಹುಡುಗನೊಬ್ಬ ಒಪ್ಪಿಕೊಂಡಿದ್ದ. ಎರಡೂ ಕೊಲೆ ಒಬ್ಬನದೇ ಕೆಲಸ, ಆದರೆ ಆ ಒಬ್ಬ ಈ ಹುಡುಗನಲ್ಲ ಎಂದು ಜೆಫ್ರೀಸ್ ಪರೀಕ್ಷೆ ತೋರಿಸಿತು. ಆಮೇಲೆ ಸುತ್ತಲಿನ ಊರುಗಳ ಸುಮಾರು ಐದು ಸಾವಿರ ಗಂಡಸರ ಮಾದರಿ ಪಡೆಯಲಾಯಿತು. ತನ್ನ ಬದಲು ಸಹೋದ್ಯೋಗಿಯಿಂದ ರಕ್ತ ಕೊಡಿಸಿದ್ದ ಕಾಲಿನ್ ಪಿಚ್‌ಫೋರ್ಕ್ ಸಿಕ್ಕಿಬಿದ್ದ. 1988ರ ಜನವರಿಯಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಡಿಎನ್‌ಎ ಕೊಲೆ ತನಿಖೆಗೆ ಕಾಲಿಟ್ಟಾಗ ಮಾಡಿದ ಮೊದಲ ಕೆಲಸ ನಿರಪರಾಧಿಯೊಬ್ಬನನ್ನು ಬಿಡಿಸಿದ್ದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 'ಇವನಲ್ಲ' ಎನ್ನುವಾಗ ಈ ಪರೀಕ್ಷೆಗಿರುವ ಖಚಿತತೆ 'ಇವನೇ' ಎನ್ನುವಾಗ ಎಲ್ಲ ಸಂದರ್ಭದಲ್ಲೂ ಇರುವುದಿಲ್ಲ.

ಯಾಕೆಂದರೆ ಡಿಎನ್‌ಎ ಎಂದು ಒಟ್ಟಾಗಿ ಕರೆಯುವುದರಲ್ಲಿ ಬೇರೆಬೇರೆ ಬಗೆಗಳಿವೆ. ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿರುವ ಡಿಎನ್‌ಎ ತಂದೆತಾಯಿ ಇಬ್ಬರಿಂದಲೂ ಬಂದದ್ದು. ತದ್ರೂಪಿ ಅವಳಿಗಳನ್ನು ಬಿಟ್ಟರೆ ಒಬ್ಬರದು ಇನ್ನೊಬ್ಬರದರಂತೆ ಇರುವುದಿಲ್ಲ. ಆದರೆ ಒಂದು ಕೋಶದಲ್ಲಿ ಅದರ ಪ್ರತಿ ಎರಡೇ ಇರುವುದರಿಂದ, ಬಿಸಿಲು, ತೇವ, ಕಾಲ ಅದನ್ನು ತುಂಡರಿಸಿದ ಮೇಲೆ ಓದಲು ಉಳಿಯುವುದು ಕಡಿಮೆ. ಮೈಟೋಕಾಂಡ್ರಿಯದ ಡಿಎನ್‌ಎ ಚಿಕ್ಕದು, 16,569 ಅಕ್ಷರಗಳ ಒಂದು ಬಳೆ. ಒಂದೊಂದು ಕೋಶದಲ್ಲೂ ಅದರ ನೂರಾರು, ಸಾವಿರಾರು ಪ್ರತಿಗಳಿರುತ್ತವೆ, ಹಾಗಾಗಿ ನೂರು ವರ್ಷದ ಬಟ್ಟೆಯಲ್ಲೂ ಸಿಗಬಹುದು. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಅಜ್ಜಿ, ಅವಳ ಹೆಣ್ಣುಮಕ್ಕಳು, ಆ ಹೆಣ್ಣುಮಕ್ಕಳ ಮಕ್ಕಳು ಎಲ್ಲರಲ್ಲೂ ಇರುವುದು ಒಂದೇ. ಸಂಬಂಧವೇ ಇಲ್ಲದ ಸಾವಿರಾರು ಮಂದಿಯಲ್ಲೂ ಅದೇ ಸರಣಿ ಇರಬಹುದು. ವೈ ವರ್ಣತಂತು ತಂದೆಯಿಂದ ಮಗನಿಗೆ ಇಳಿಯುವಂಥದ್ದು, ಅಣ್ಣತಮ್ಮಂದಿರು ಮತ್ತು ಅವರ ಗಂಡುಮಕ್ಕಳು ಅದನ್ನು ಹಂಚಿಕೊಂಡಿರುತ್ತಾರೆ. ಶಂಕಿತ ಸತ್ತಿದ್ದರೆ ಹೋಲಿಸಲು ಅವನ ಬಂಧುಗಳೇ ಗತಿ. ಹಳೆಯ ಪ್ರಕರಣಗಳಲ್ಲಿ ಕೊನೆಯ ಎರಡು ಬಗೆಗಳು ಮುಂದೆ ಬರಲು ಇದೇ ಕಾರಣ. ಆದರೆ ಅವು ಕೊಡುವ ಉತ್ತರ ಒಬ್ಬ ಮನುಷ್ಯನನ್ನಲ್ಲ, ಒಂದು ಮನೆತನವನ್ನು ತೋರಿಸುತ್ತದೆ.

ವೈಟ್‌ಚಾಪೆಲ್‌ನ ಶಾಲು

ಲಂಡನ್ನಿನ ಪೂರ್ವಭಾಗದ ವೈಟ್‌ಚಾಪೆಲ್ ಮತ್ತು ಅದರ ಆಸುಪಾಸಿನಲ್ಲಿ 1888ರ ಆಗಸ್ಟ್ 31ರಿಂದ ನವೆಂಬರ್ 9ರ ನಡುವೆ ಐವರು ಹೆಂಗಸರ ಕೊಲೆಯಾಯಿತು: ಮೇರಿ ಆ್ಯನ್ ನಿಕಲ್ಸ್, ಆ್ಯನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರಿನ್ ಎಡ್ಡೋಸ್, ಮೇರಿ ಜೇನ್ ಕೆಲ್ಲಿ. ಇವರಲ್ಲಿ ಸ್ಟ್ರೈಡ್ ಮತ್ತು ಎಡ್ಡೋಸ್ ಸತ್ತದ್ದು ಸೆಪ್ಟೆಂಬರ್ 30ರ ಒಂದೇ ರಾತ್ರಿ. ಕೊಲೆಗಾರ ಕೊನೆಗೂ ಸಿಗಲಿಲ್ಲ. 1894ರಲ್ಲಿ ಸ್ಕಾಟ್ಲೆಂಡ್ ಯಾರ್ಡ್‌ನ ಮೆಲ್ವಿಲ್ ಮ್ಯಾಕ್‌ನಾಟನ್ ಬರೆದ ಟಿಪ್ಪಣಿಯಲ್ಲಿ ಮೂವರು ಶಂಕಿತರ ಹೆಸರಿದೆ, ಅವರಲ್ಲಿ ಒಬ್ಬ ಕೊಸ್ಮಿನ್‌ಸ್ಕಿ. ತನಿಖೆಯಲ್ಲಿ ಪ್ರಮುಖನಾಗಿದ್ದ ಡೊನಾಲ್ಡ್ ಸ್ವಾನ್ಸನ್ ಕೂಡ ತನ್ನ ಮೇಲಧಿಕಾರಿಯ ಆತ್ಮಕಥೆಯ ಅಂಚಿನಲ್ಲಿ ಇದೇ ಹೆಸರನ್ನು ಗೀಚಿಟ್ಟಿದ್ದ. ಇಬ್ಬರೂ ಬರೆದದ್ದು ಮನೆತನದ ಹೆಸರನ್ನಷ್ಟೇ.

ಪೋಲೆಂಡಿನ ಕ್ಲೊಡಾವಾದಲ್ಲಿ 1865ರಲ್ಲಿ ಹುಟ್ಟಿ ಲಂಡನ್ನಿಗೆ ಬಂದು ಕ್ಷೌರಿಕನಾಗಿದ್ದ ಆ್ಯರನ್ ಕೊಸ್ಮಿನ್‌ಸ್ಕಿ ಎಂಬ ಯಹೂದಿಯೇ ಆ ವ್ಯಕ್ತಿ ಎಂದು ನಂತರದ ಸಂಶೋಧಕರು ಊಹಿಸಿದರು. ಅವನು 1891ರಲ್ಲಿ ಕೋಲ್ನಿ ಹ್ಯಾಚ್ ಹುಚ್ಚಾಸ್ಪತ್ರೆ ಸೇರಿದ್ದು ನಿಜ. ಆದರೆ ಶಂಕಿತ ಆಸ್ಪತ್ರೆ ಸೇರಿದ ಸ್ವಲ್ಪದರಲ್ಲೇ ಸತ್ತ ಎನ್ನುತ್ತದೆ ಸ್ವಾನ್ಸನ್ ಟಿಪ್ಪಣಿ. ಆ್ಯರನ್ ಬದುಕಿದ್ದು 1919ರವರೆಗೆ.

ಈ ಊಹೆಗೆ ವಿಜ್ಞಾನದ ಬಲ ಸಿಕ್ಕಿತೆಂದು 2014ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ರಸೆಲ್ ಎಡ್ವರ್ಡ್ಸ್ ಎಂಬ ಉದ್ಯಮಿ 2007ರಲ್ಲಿ ಸಫೋಕ್‌ನ ಬರಿ ಸೇಂಟ್ ಎಡ್ಮಂಡ್ಸ್‌ನ ಹರಾಜಿನಲ್ಲಿ ಒಂದು ರೇಷ್ಮೆ ಶಾಲು ಕೊಂಡಿದ್ದರು. ಸುಮಾರು ಎಂಟು ಅಡಿ ಉದ್ದ, ಅಂಚಿನಲ್ಲಿ ಡೇಸಿ ಹೂಗಳ ಚಿತ್ತಾರ, ಅಲ್ಲಲ್ಲಿ ಕಲೆ. ಎಡ್ಡೋಸ್ ಅವರ ಶವದ ಬಳಿ ಇದ್ದ ಶಾಲನ್ನು ಸಾರ್ಜೆಂಟ್ ಏಮಸ್ ಸಿಂಪ್ಸನ್ ಹೆಂಡತಿಗೆಂದು ಮನೆಗೆ ಒಯ್ದ, ಅದು ತಲೆಮಾರುಗಳಿಂದ ಹಾಗೇ ಉಳಿದುಬಂತು ಎನ್ನುವುದು ಅದರ ಜೊತೆ ಬಂದ ಕತೆ. ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದ ಯಾರಿ ಲೌಹೆಲೈನನ್ ಶಾಲಿನ ಕಲೆಗಳಿಂದ ಮೈಟೋಕಾಂಡ್ರಿಯದ ಡಿಎನ್‌ಎ ತೆಗೆದು, ಎಡ್ಡೋಸ್ ವಂಶದ ಹೆಣ್ಣುಸಾಲಿನ ಒಬ್ಬರ ಮತ್ತು ಕೊಸ್ಮಿನ್‌ಸ್ಕಿಯ ಸೋದರಿಯ ಸಂತತಿಯ ಒಬ್ಬರ ಮಾದರಿಗಳಿಗೆ ಹೋಲಿಸಿದರು. ಎರಡೂ ಹೊಂದಿತು ಎಂದರು. ಎಡ್ವರ್ಡ್ಸ್ ಪುಸ್ತಕ ಬರೆದು, ಪ್ರಕರಣ ಮುಗಿಯಿತೆಂದು ಸಾರಿದರು.

ಪುಸ್ತಕದ ಬಲವಾದ ವಾದವೇ ಅದರ ದೊಡ್ಡ ತಪ್ಪಾಗಿತ್ತು. ಶಾಲಿನಲ್ಲಿ ಮತ್ತು ಎಡ್ಡೋಸ್ ವಂಶಜರಲ್ಲಿ '314.1ಸಿ' ಎಂಬ ಬದಲಾವಣೆ ಸಿಕ್ಕಿದೆ, ಅದು 2,90,000 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಇರುವಂಥದ್ದು ಎನ್ನುವುದು ವಾದ. ಮೈಟೋಕಾಂಡ್ರಿಯದ ಬಳೆಯಲ್ಲಿ 311ರಿಂದ 315ರವರೆಗಿನ ಐದು ಜಾಗಗಳಲ್ಲೂ 'ಸಿ' ಎಂಬ ಒಂದೇ ಅಕ್ಷರವಿದೆ. ದಾರದಲ್ಲಿ ಪೋಣಿಸಿದ ಒಂದೇ ಬಣ್ಣದ ಐದು ಮಣಿಗಳ ನಡುವೆ ಯಾರೋ ಆರನೆಯದೊಂದನ್ನು ಸೇರಿಸಿದರೆ, ಯಾವುದು ಹೊಸದೆಂದು ಹೇಳಲಾಗದು. ಗೊಂದಲ ಬೇಡವೆಂದು, ಹೆಚ್ಚುವರಿ ಮಣಿಯನ್ನು ಸಾಲಿನ ಕೊನೆಯಲ್ಲೇ ಲೆಕ್ಕ ಹಿಡಿದು '315.1ಸಿ' ಎಂದು ಬರೆಯುವುದು ತಳಿವಿಜ್ಞಾನಿಗಳ ಕಟ್ಟಳೆ. ಒಂದಂಕಿ ಹಿಂದೆ ಬರೆದದ್ದರಿಂದ ದತ್ತಸಂಚಯದಲ್ಲಿ ಅದು ಅಪರೂಪವಾಗಿ ಕಂಡಿತು. ಸರಿಯಾಗಿ ಬರೆದರೆ ಯುರೋಪ್ ಮೂಲದವರಲ್ಲಿ ಶೇ. 99ಕ್ಕಿಂತ ಹೆಚ್ಚು ಮಂದಿಯಲ್ಲಿ ಇರುವ ಲಕ್ಷಣ ಅದು. ಅಲೆಕ್ ಜೆಫ್ರೀಸ್ ಸೇರಿದಂತೆ ಹಲವು ತಜ್ಞರು ಇದನ್ನು ಕೆಲವೇ ವಾರಗಳಲ್ಲಿ ಬಯಲಿಗೆ ತಂದರು. ಹರಾಜಿನಲ್ಲಿ ಇದ್ದವರಲ್ಲಿ ಬಹುತೇಕ ಯಾರ ಡಿಎನ್‌ಎ ಹಿಡಿದಿದ್ದರೂ ಈ ಲಕ್ಷಣದ ಮಟ್ಟಿಗೆ ಹೊಂದಿಕೆ ಬರುತ್ತಿತ್ತು.

ಲೌಹೆಲೈನನ್ 2019ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಲರ್ ಜೊತೆ ವಿಧಿವಿಜ್ಞಾನದ ಒಂದು ಪ್ರತಿಷ್ಠಿತ ನಿಯತಕಾಲಿಕದಲ್ಲಿ ಪ್ರಬಂಧ ಪ್ರಕಟಿಸಿದರು. ಕೊಲೆಗಾರನಿಗೆ ಕಂದು ಕೂದಲು, ಕಂದು ಕಣ್ಣು ಎಂಬ ಅಂದಾಜೂ ಅದರಲ್ಲಿತ್ತು. ಆದರೆ ಡಿಎನ್‌ಎ ಸರಣಿಯ ಅಕ್ಷರಗಳೇ ಇರಲಿಲ್ಲ, ಅವುಗಳ ಜಾಗದಲ್ಲಿ ಬಣ್ಣದ ಚೌಕಗಳಿದ್ದವು. ಬದುಕಿರುವ ವಂಶಜರ ಖಾಸಗಿತನ ಕಾಪಾಡಲು ಹಾಗೆ ಮಾಡಿದೆವೆಂದು ಲೇಖಕರು ಕಾರಣ ಕೊಟ್ಟರು. ಮೈಟೋಕಾಂಡ್ರಿಯದ ಒಂದು ತುಣುಕಿನಿಂದ ಯಾರ ಖಾಸಗಿತನಕ್ಕೂ ಧಕ್ಕೆಯಿಲ್ಲ, ಅಕ್ಷರಗಳಿಲ್ಲದೆ ಓದುಗರು ತಾವಾಗಿ ತಾಳೆ ನೋಡಲಾಗದು ಎಂದು ಇನ್ಸ್‌ಬ್ರುಕ್‌ನ ವಾಲ್ಟರ್ ಪಾರ್ಸನ್ ಮೊದಲಾದವರು ಆಕ್ಷೇಪಿಸಿದರು. ಕೆಲ ವರ್ಷಗಳ ನಂತರ ಆ ನಿಯತಕಾಲಿಕವೇ ಪ್ರಬಂಧದ ಬಗ್ಗೆ ಕಳವಳ ವ್ಯಕ್ತಪಡಿಸುವ ಟಿಪ್ಪಣಿ ಪ್ರಕಟಿಸಿತು. ತಾಳೆ ನೋಡಲು ಬಿಡದ ಫಲಿತಾಂಶವನ್ನು ಸಾಕ್ಷ್ಯವೆಂದು ಒಪ್ಪಬಾರದು ಎನ್ನುವುದು ಈ ಲೇಖನದ ನಿಲುವು. ನೂರು ವರ್ಷಕ್ಕೂ ಹಿಂದೆ ಸತ್ತ, ಈ ಕೊಲೆಗಳಿಗಾಗಿ ಎಂದೂ ವಿಚಾರಣೆ ಎದುರಿಸದ, ತನ್ನ ಪರ ಮಾತಾಡಲಾರದ ಒಬ್ಬ ರೋಗಿಯ ಮೇಲೆ ಐದು ಕೊಲೆ ಹೊರಿಸುವಾಗ ಅಷ್ಟಾದರೂ ಎಚ್ಚರ ಬೇಕು.

ಇಷ್ಟೆಲ್ಲ ಪ್ರಯೋಗಾಲಯದ ಒಳಗಿನ ಮಾತು. ಅದಕ್ಕಿಂತ ಮೊದಲ ಪ್ರಶ್ನೆಯೊಂದಿದೆ: ಆ ಶಾಲು ಕೊಲೆಯ ಜಾಗದಲ್ಲಿ ಇತ್ತೇ? ಎಡ್ಡೋಸ್ ಅವರ ಶವ ಸಿಕ್ಕಿದ ಮೈಟರ್ ಚೌಕ ಸಿಟಿ ಪೊಲೀಸರ ಸರಹದ್ದಿಗೆ ಸೇರಿದ್ದು, ಸಿಂಪ್ಸನ್ ಮೆಟ್ರೊಪಾಲಿಟನ್ ಪೊಲೀಸ್. ಸಿಟಿ ಪೊಲೀಸರು ಆಕೆಯ ಮೈಮೇಲಿದ್ದ ಒಂದೊಂದು ವಸ್ತುವನ್ನೂ ಪಟ್ಟಿ ಮಾಡಿದ್ದರು. ಎರಡು ಮಣ್ಣಿನ ಚುಟ್ಟಾಕೊಳವೆ, ಚಹಾಪುಡಿಯ ಡಬ್ಬಿ, ಸಕ್ಕರೆಯ ಡಬ್ಬಿ, ಸಣ್ಣಹಲ್ಲಿನ ಬಾಚಣಿಗೆ, ಒಂದೇ ಒಂದು ಕೆಂಪು ಕೈಗವಸು, ಉಣ್ಣೆದಾರದ ಉಂಡೆ, ಬಟ್ಟೆ ಚಿಂದಿಗಳು, ಸಾಸಿವೆ ಡಬ್ಬಿಯೊಳಗೆ ಎರಡು ಗಿರವಿ ಚೀಟಿ. ಮನೆಯಿಲ್ಲದ ಹೆಂಗಸು ತನ್ನ ಇಡೀ ಸಂಸಾರವನ್ನು ಜೇಬಿನಲ್ಲೇ ಹೊತ್ತು ನಡೆಯುತ್ತಿದ್ದಳು. ಚಿಂದಿಯನ್ನೂ ಬಿಡದೆ ಬರೆದ ಆ ಪಟ್ಟಿಯಲ್ಲಿ ಎಂಟು ಅಡಿಯ ರೇಷ್ಮೆ ಶಾಲಿಲ್ಲ. ಆ ರಾತ್ರಿಯ ನಿಜವಾದ ಸಾಕ್ಷ್ಯವೆಂದರೆ ಆಕೆಯ ಮುಂದುಡುಪಿನಿಂದ ಕತ್ತರಿಸಿದ, ರಕ್ತ ಮೆತ್ತಿದ ಒಂದು ತುಂಡು. ಸ್ವಲ್ಪ ಹೊತ್ತಿನಲ್ಲೇ ಗೋಲ್ಸ್‌ಟನ್ ಬೀದಿಯಲ್ಲಿ ಪೊಲೀಸ್ ಪೇದೆ ಆಲ್ಫ್ರೆಡ್ ಲಾಂಗ್‌ಗೆ ಸಿಕ್ಕಿದ್ದು ಅದು. ಆ ಮುಂದುಡುಪು ಈಗ ಉಳಿದಿಲ್ಲ.

ಅಂಚೆಚೀಟಿಯ ಎಂಜಲು

ಪೊಲೀಸರಿಗೂ ಪತ್ರಿಕೆಗಳಿಗೂ ರಿಪ್ಪರ್ ಹೆಸರಿನಲ್ಲಿ ನೂರಾರು ಪತ್ರಗಳು ಬಂದಿದ್ದವು. ಅಮೆರಿಕದ ಕಾದಂಬರಿಕಾರ್ತಿ ಪೆಟ್ರೀಷಿಯಾ ಕಾರ್ನ್‌ವೆಲ್ 2002ರ ತಮ್ಮ ಪುಸ್ತಕದಲ್ಲಿ ಆ ಪತ್ರಗಳ ಅಂಚೆಚೀಟಿ ಮತ್ತು ಲಕೋಟೆಗಳಿಂದ ಡಿಎನ್‌ಎ ತೆಗೆಸಿ, ಚಿತ್ರಕಾರ ವಾಲ್ಟರ್ ಸಿಕರ್ಟ್ ಕೊಲೆಗಾರನೆಂದು ವಾದಿಸಿದರು. 1942ರಲ್ಲಿ ಸತ್ತ ಸಿಕರ್ಟ್ ದೇಹವನ್ನು ಸುಟ್ಟಿದ್ದರಿಂದ ಅವನದೇ ಮಾದರಿ ಇರಲಿಲ್ಲ. ಸಿಕ್ಕಿದ ಮೈಟೋಕಾಂಡ್ರಿಯದ ಹೊಂದಿಕೆ ಅಂದಿನ ಬ್ರಿಟನ್ನಿನ ಲಕ್ಷಾಂತರ ಮಂದಿಗೆ ಅನ್ವಯಿಸುವಂಥದ್ದಾಗಿತ್ತು. ಹೊಂದಿಕೆ ಪರಿಪೂರ್ಣವಾಗಿದ್ದರೂ ಚೀಟಿ ನೆಕ್ಕಿದವನು ಯಾರೆಂದು ತಿಳಿಯುತ್ತಿತ್ತೇ ಹೊರತು ಕೊಂದವನು ಯಾರೆಂದಲ್ಲ, ಏಕೆಂದರೆ ಆ ಪತ್ರಗಳಲ್ಲಿ ಹೆಚ್ಚಿನವು ಹುಸಿಯೆಂದೇ ಇತಿಹಾಸಕಾರರ ಅಭಿಪ್ರಾಯ. ಕ್ಯಾಲಿಫೋರ್ನಿಯಾದ 'ಜೋಡಿಯಾಕ್' ಕೊಲೆಗಳಲ್ಲೂ ಹೀಗೇ ಆಯಿತು. 2002ರಲ್ಲಿ ಅಂಚೆಚೀಟಿಯಿಂದ ಸಿಕ್ಕಿದ ಅರೆಬರೆ ಡಿಎನ್‌ಎ ಮುಖ್ಯ ಶಂಕಿತನಾಗಿದ್ದ ಆರ್ಥರ್ ಲೀ ಆ್ಯಲನ್‌ಗೆ ಹೊಂದಲಿಲ್ಲ.

ಗೋರಿ ತೆರೆದಾಗ

ವೇಲ್ಸ್‌ನ ನೀತ್ ಬಳಿ 1973ರ ಬೇಸಿಗೆಯಿಂದ ಶರತ್ಕಾಲದೊಳಗೆ ಹದಿನಾರು ವರ್ಷದ ಮೂವರು ಹುಡುಗಿಯರು ಕೊಲೆಯಾದರು: ಸ್ಯಾಂಡ್ರಾ ನ್ಯೂಟನ್, ಜೆರಲ್ಡೀನ್ ಹ್ಯೂಸ್, ಪಾಲೀನ್ ಫ್ಲಾಯ್ಡ್. ಆಸ್ಟಿನ್ 1100 ಮಾದರಿಯ ಕಾರಿದ್ದವರನ್ನೆಲ್ಲ ಪೊಲೀಸರು ವಿಚಾರಿಸಿದರು. ಅವರಲ್ಲಿ ಜೋಸೆಫ್ ಕ್ಯಾಪನ್ ಎಂಬವನೂ ಇದ್ದ. ಅವನು ಮನೆಯಲ್ಲಿದ್ದನೆಂದು ಹೆಂಡತಿ ಹೇಳಿದಳು, ವಿಚಾರಣೆ ಅಲ್ಲಿಗೆ ನಿಂತಿತು. ಆದರೆ ಹುಡುಗಿಯರ ಬಟ್ಟೆಗಳನ್ನು ಯಾರೋ ಜೋಪಾನವಾಗಿ ಎತ್ತಿಟ್ಟಿದ್ದರು. ಡಿಎನ್‌ಎ ಎಂಬ ಮಾತೂ ತನಿಖೆಯಲ್ಲಿ ಇರದಿದ್ದ ಕಾಲದಲ್ಲಿ ಮಾಡಿದ ಆ ಕರ್ತವ್ಯವೇ ಮುಂದೆ ಪ್ರಕರಣವನ್ನು ಬಗೆಹರಿಸಿತು.

ಕಾಲು ಶತಮಾನ ಕಳೆದ ಮೇಲೆ ಆ ಬಟ್ಟೆಗಳಿಂದ ಪೂರ್ಣ ವಿವರದ ಡಿಎನ್‌ಎ ಸಿಕ್ಕಿತು. ರಾಷ್ಟ್ರೀಯ ಡಿಎನ್‌ಎ ದತ್ತಸಂಚಯದಲ್ಲಿ ಅದಕ್ಕೆ ಹೊಂದುವವರು ಯಾರೂ ಇರಲಿಲ್ಲ. ಆಗ ವಿಜ್ಞಾನಿ ಕಾಲಿನ್ ಡಾರ್ಕ್ ಪ್ರಶ್ನೆಯನ್ನೇ ತಿರುಗಿಸಿದರು: ಕೊಲೆಗಾರ ಇಲ್ಲದಿದ್ದರೆ ಬೇಡ, ಅವನ ಮಗನೋ ಮಗಳೋ ಇದ್ದಾರೆಯೇ? ಪ್ರತಿ ಜಾಗದಲ್ಲೂ ಅರ್ಧ ಹೊಂದುವವರನ್ನು ಹುಡುಕಿದಾಗ ಕಾರು ಕದ್ದು ದಾಖಲೆಗೆ ಸೇರಿದ್ದ ಯುವಕನೊಬ್ಬ ಸಿಕ್ಕಿದ. ಅವನು ಕ್ಯಾಪನ್‌ನ ಮಗ. ಕ್ಯಾಪನ್ 1990ರಲ್ಲೇ ಕ್ಯಾನ್ಸರ್‌ನಿಂದ ಸತ್ತಿದ್ದ. 2002ರ ಮೇ ತಿಂಗಳಲ್ಲಿ ಗೋರಿ ತೆರೆದು ಪರೀಕ್ಷಿಸಿದಾಗ ಹೊಂದಿಕೆ ಖಚಿತವಾಯಿತು. ಕೌಟುಂಬಿಕ ಹುಡುಕಾಟ ಎಂದು ಈಗ ಕರೆಯುವ ವಿಧಾನದ ಆರಂಭದ ದೊಡ್ಡ ಯಶಸ್ಸು ಇದು.

ಬಾಸ್ಟನ್ ಮತ್ತು ಅದರ ಆಸುಪಾಸಿನಲ್ಲಿ 1962ರಿಂದ 1964ರ ಜನವರಿಯೊಳಗೆ ಕೊಲೆಯಾದ ಹದಿಮೂರು ಹೆಂಗಸರ ಪ್ರಕರಣ ಇಷ್ಟು ಅಚ್ಚುಕಟ್ಟಾಗಿ ಮುಗಿಯಲಿಲ್ಲ. ಆಲ್ಬರ್ಟ್ ಡಿಸಾಲ್ವೊ ಎಲ್ಲವನ್ನೂ ತಾನೇ ಮಾಡಿದ್ದಾಗಿ ಹೇಳಿದ್ದ, ಆದರೆ ಆ ಕೊಲೆಗಳಿಗಾಗಿ ಅವನ ಮೇಲೆ ವಿಚಾರಣೆ ನಡೆಯಲೇ ಇಲ್ಲ. ಬೇರೆ ಅಪರಾಧಗಳಿಗೆ ಜೈಲಿನಲ್ಲಿದ್ದಾಗ 1973ರಲ್ಲಿ ಅಲ್ಲೇ ಕೊಲೆಯಾದ. ಕೊನೆಯ ಬಲಿ, ಹತ್ತೊಂಬತ್ತು ವರ್ಷದ ಮೇರಿ ಸಲಿವನ್. 2001ರಲ್ಲಿ ಆಕೆಯ ಅವಶೇಷಗಳನ್ನು ಪರೀಕ್ಷಿಸಿದ ಖಾಸಗಿ ತಜ್ಞರಿಗೆ ಸಿಕ್ಕಿದ ಡಿಎನ್‌ಎ ಡಿಸಾಲ್ವೊಗೆ ಹೊಂದಲಿಲ್ಲ. 2013ರಲ್ಲಿ ಪೊಲೀಸರು, ತಾವು ಕಾದಿಟ್ಟಿದ್ದ ಮೂಲ ಮಾದರಿಯನ್ನು ಡಿಸಾಲ್ವೊನ ಅಣ್ಣತಮ್ಮಂದಿರ ಮಗನೊಬ್ಬ ಕುಡಿದು ಬಿಸಾಡಿದ ನೀರಿನ ಬಾಟಲಿಯ ಎಂಜಲಿಗೆ ಹೋಲಿಸಿದರು. ವೈ ವರ್ಣತಂತು ಹೊಂದಿತು. ಮನೆತನವಷ್ಟೇ ಸಿಕ್ಕಿದೆ ಎಂದು ಅರಿತೇ ಅವರು ಡಿಸಾಲ್ವೊನ ಗೋರಿ ತೆಗೆಸಿದರು. ಆಗ ನ್ಯೂಕ್ಲಿಯಸ್ಸಿನ ಡಿಎನ್‌ಎಯೂ ಡಿಸಾಲ್ವೊನದೇ ಎಂದು ಸಾಬೀತಾಯಿತು. ಇಲ್ಲಿಗೆ ಖಚಿತವಾದದ್ದು ಸಲಿವನ್ ಕೊಲೆ ಮಾತ್ರ. ಉಳಿದ ಹನ್ನೆರಡನ್ನೂ ಅದೇ ಗಂಟಿಗೆ ಕಟ್ಟುವುದು ಪರೀಕ್ಷೆ ಹೇಳದ ಮಾತನ್ನು ಅದರ ಬಾಯಿಗೆ ತುರುಕಿದಂತೆ.

ಗ್ಲಾಸ್ಗೋದ 'ಬೈಬಲ್ ಜಾನ್' ಸರಣಿ ಕೊಲೆಗಳ ಪ್ರಕರಣದಲ್ಲಿ 1996ರಲ್ಲಿ ಒಬ್ಬ ಶಂಕಿತನ ಗೋರಿ ತೆರೆದರೂ ಅವನೇ ಕೊಲೆಗಾರನೆಂದು ಪರೀಕ್ಷೆ ತೋರಿಸಲಿಲ್ಲ.

ವಂಶವೃಕ್ಷದ ದಾರಿ

ಕ್ಯಾಲಿಫೋರ್ನಿಯಾದಲ್ಲಿ 1970 ಮತ್ತು 80ರ ದಶಕಗಳಲ್ಲಿ ಹದಿಮೂರು ಕೊಲೆ, ಐವತ್ತರಷ್ಟು ಅತ್ಯಾಚಾರ ನಡೆಸಿದ 'ಗೋಲ್ಡನ್ ಸ್ಟೇಟ್ ಕಿಲ್ಲರ್' ಯಾವ ಪೊಲೀಸ್ ದತ್ತಸಂಚಯದಲ್ಲೂ ಇರಲಿಲ್ಲ. ತನಿಖಾಧಿಕಾರಿ ಪಾಲ್ ಹೋಲ್ಸ್ ಮತ್ತು ವಂಶಾವಳಿ ತಜ್ಞೆ ಬಾರ್ಬರಾ ರೇ-ವೆಂಟರ್ ಇದ್ದ ತಂಡ, ವೆಂಚುರಾದಲ್ಲಿ 1980ರ ಕೊಲೆಯ ನಂತರ ಕಾದಿಟ್ಟಿದ್ದ ಮಾದರಿಯಿಂದ ಹೊಸದಾಗಿ ಡಿಎನ್‌ಎ ಓದಿಸಿತು. ಅದನ್ನು, ಜನ ತಮ್ಮ ದೂರದ ಬಂಧುಗಳನ್ನು ಹುಡುಕಲು ಬಳಸುವ ಜೆಡ್‌ಮ್ಯಾಚ್ ಎಂಬ ತಾಣಕ್ಕೆ ಹಾಕಿತು. ಸಿಕ್ಕಿದವರು ಮುತ್ತಜ್ಜನ ಕಾಲದ ದಾಯಾದಿಗಳಷ್ಟು ದೂರದವರು. ಅಲ್ಲಿಂದ ಜನಗಣತಿ, ಮದುವೆ, ಮರಣದ ದಾಖಲೆ ಹಿಡಿದು ವಂಶವೃಕ್ಷವನ್ನು ಕೆಳಗೆ ಇಳಿಸುತ್ತಾ, ವಯಸ್ಸು ಮತ್ತು ವಾಸದ ಊರು ಹೊಂದುವವನನ್ನು ಹುಡುಕುತ್ತಾ ಹೋದರು. ಕೊನೆಗೆ ಉಳಿದವನು ಜೋಸೆಫ್ ಜೇಮ್ಸ್ ಡಿಏಂಜೆಲೊ, ಒಂದು ಕಾಲದ ಪೊಲೀಸ್. ಅವನ ಕಾರಿನ ಹಿಡಿಕೆ ಮತ್ತು ಕಸದಲ್ಲಿದ್ದ ಟಿಶ್ಯೂ ಕಾಗದದಿಂದ ತೆಗೆದ ಮಾದರಿ ನೇರವಾಗಿ ಹೊಂದಿದ ಮೇಲೆ, 2018ರ ಏಪ್ರಿಲ್ 24ರಂದು ಬಂಧನವಾಯಿತು. 2020ರಲ್ಲಿ ಅವನು ತಪ್ಪೊಪ್ಪಿಕೊಂಡ.

ವಂಶವೃಕ್ಷ ಅವನ ಮನೆಯ ಬಾಗಿಲಿನವರೆಗೆ ಕರೆದೊಯ್ದಿತು, ಬೇಡಿ ತೊಡಿಸಿದ್ದು ಅವನದೇ ಡಿಎನ್‌ಎ. ಈ ಎರಡು ಹೆಜ್ಜೆಗಳ ಅಂತರವನ್ನು ಕಾಯ್ದುಕೊಂಡದ್ದರಿಂದಲೇ ಪ್ರಕರಣ ನ್ಯಾಯಾಲಯದಲ್ಲಿ ನಿಂತಿತು. ಬಂಧುಗಳನ್ನು ಹುಡುಕಲು ಕೊಟ್ಟ ಮಾಹಿತಿಯನ್ನು ಪೊಲೀಸರು ಕೇಳದೆ ಬಳಸಬಹುದೇ ಎಂಬ ವಾದ ಎದ್ದು, 2019ರಿಂದ ಆ ತಾಣ ಒಪ್ಪಿಗೆ ಕೊಟ್ಟವರ ಮಾಹಿತಿಯನ್ನು ಮಾತ್ರ ಪೊಲೀಸರಿಗೆ ತೆರೆಯತೊಡಗಿತು.

ಬೆರಕೆಯ ಅಪಾಯ

ಜರ್ಮನಿಯ ಪೊಲೀಸರು ವರ್ಷಗಟ್ಟಲೆ ಒಬ್ಬ ಸರಣಿ ಕೊಲೆಗಾರ್ತಿಯನ್ನು ಹುಡುಕಿದರು. 2007ರಲ್ಲಿ ಹೈಲ್‌ಬ್ರಾನ್‌ನಲ್ಲಿ ನಡೆದ ಮಹಿಳಾ ಪೊಲೀಸ್ ಹತ್ಯೆಯೂ ಸೇರಿ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ನಲವತ್ತರಷ್ಟು ಅಪರಾಧದ ಜಾಗಗಳಲ್ಲಿ ಒಬ್ಬಳದೇ ಡಿಎನ್‌ಎ ಸಿಗುತ್ತಿತ್ತು. ಅಂಥ ಹೆಂಗಸು ಇರಲೇ ಇಲ್ಲವೆಂದು 2009ರಲ್ಲಿ ಗೊತ್ತಾಯಿತು. ಮಾದರಿ ಒರೆಸಲು ಬಳಸುವ ಹತ್ತಿಕಡ್ಡಿಗಳನ್ನು ಕಾರ್ಖಾನೆಯಲ್ಲಿ ಸುತ್ತುತ್ತಿದ್ದ ಕೆಲಸಗಾರ್ತಿಯ ಡಿಎನ್‌ಎ ಅದು. ಕಡ್ಡಿಗಳನ್ನು ಕ್ರಿಮಿಮುಕ್ತ ಮಾಡಿದ್ದರು, ಆದರೆ ಕ್ರಿಮಿ ಸತ್ತರೂ ಡಿಎನ್‌ಎ ಉಳಿಯುತ್ತದೆ. ಮೊಹರು ಮಾಡಿದ ಹೊಸ ಕಡ್ಡಿಯಲ್ಲೇ ಹೀಗಾದರೆ, ಶತಮಾನಕ್ಕೂ ಮೀರಿ ಕೈಯಿಂದ ಕೈಗೆ ದಾಟಿದ ಶಾಲಿನ ಮೇಲೆ ಎಷ್ಟು ಜನರ ಉಗುಳು, ಬೆವರು ಬಿದ್ದಿರಬೇಕು.

ಸತ್ತವರ ಹೆಸರು

ಡಿಎನ್‌ಎ ಕೊಲೆಗಾರನ ಹೆಸರನ್ನಷ್ಟೇ ಅಲ್ಲ, ಬಲಿಯಾದವರ ಹೆಸರನ್ನೂ ಹುಡುಕುತ್ತದೆ. ಈ ಕ್ಷೇತ್ರದ ಬರವಣಿಗೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಶವಾಗಾರದಲ್ಲಿ ಹೆಸರಿಲ್ಲದೆ ಮಲಗಿದ್ದ ಕ್ಯಾಥರಿನ್ ಎಡ್ಡೋಸ್ ಯಾರೆಂದು ತಿಳಿದದ್ದು ಸಾಸಿವೆ ಡಬ್ಬಿಯ ಗಿರವಿ ಚೀಟಿಗಳಿಂದ. ಪತ್ರಿಕೆಯಲ್ಲಿ ಅವುಗಳ ವಿವರ ಓದಿದ ಆಕೆಯ ಜೊತೆಗಾರ ಜಾನ್ ಕೆಲ್ಲಿ, ಅಡವಿಟ್ಟದ್ದು ತನ್ನದೇ ಬೂಟು ಎಂದು ಗುರುತು ಹಿಡಿದು ಪೊಲೀಸ್ ಠಾಣೆಗೆ ಬಂದ.

ಶಿಕಾಗೋ ಬಳಿ 1970ರ ದಶಕದಲ್ಲಿ ಜಾನ್ ವೇನ್ ಗೇಸಿ ಕೊಂದ 33 ಹುಡುಗರು ಮತ್ತು ಯುವಕರಲ್ಲಿ ಕೆಲವರ ಬಳಿ ಅಂಥ ಚೀಟಿಯೂ ಇರಲಿಲ್ಲ. ಹಲವರ ಶವಗಳು ಅವನ ಮನೆಯ ನೆಲದಡಿಯಿಂದ ಬಂದಿದ್ದವು. 2011ರಲ್ಲಿ ಕುಕ್ ಕೌಂಟಿಯ ಷೆರಿಫ್ ಕಚೇರಿ, ಇನ್ನೂ ಗುರುತಾಗದ ಎಂಟು ಮಂದಿಯ ಮೂಳೆಗಳಿಂದ ಡಿಎನ್‌ಎ ತೆಗೆಸಿ, ಆ ವರ್ಷಗಳಲ್ಲಿ ಮಗನನ್ನೋ ತಮ್ಮನನ್ನೋ ಕಳೆದುಕೊಂಡವರು ಮುಂದೆ ಬಂದು ಮಾದರಿ ಕೊಡಿ ಎಂದು ಕೇಳಿತು. ಅದೇ ವರ್ಷ ಒಬ್ಬರ, 2017ರಲ್ಲಿ ಇನ್ನೊಬ್ಬರ, 2021ರಲ್ಲಿ ವಂಶಾವಳಿಯ ವಿಧಾನದಿಂದ ಮೂರನೆಯವರ ಹೆಸರು ಸಿಕ್ಕಿತು. ಉಳಿದ ಐವರ ಡಿಎನ್‌ಎ ಕಡತದಲ್ಲಿದೆ, ಹೋಲಿಸಲು ಮನೆಯವರು ಇನ್ನೂ ಸಿಕ್ಕಬೇಕು.